ಅಜ್ಜನ ಪಂಚನಾಮೆಗಾಗಿ ನಾಲ್ಕು ತಾಲ್ಲೂಕು

ಮಂಗಳವಾರ ಬೆಳಿಗ್ಗೆ ಆರೂವರೆಗೇ ದಾವಣಗೆರೆಯ ಬಸ್ ನಿಲ್ದಾಣಕ್ಕೆ ಬಂದುಬಿಟ್ಟೆ. ಚಿತ್ರದುರ್ಗದ ಬಸ್ಸು ಏಳಕ್ಕೆ ಎಂದು ಗೊತ್ತಿತ್ತು. ಮನೆಯಲ್ಲಿ ಕೂರಲಾಗದೆ ಬಂದವಳು ಇಲ್ಲಿಯೂ ಕೂರಲಾಗದೆ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ವಾರ್ಡಿನಿಂದ ವಾರ್ಡಿಗೆ ನಡೆದ ಕಾಲುಗಳಿವು, ಸ್ವಯಂ ನಿವೃತ್ತಿಯ ಆದೇಶ ನನಗೆ ಬಂತೇ ಹೊರತು ಅವಕ್ಕೆ ಬರಲಿಲ್ಲ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಕಿಟಕಿ ಪಕ್ಕ ಕೂತು, ಕೈಚೀಲದಲ್ಲಿದ್ದ ಅರ್ಜಿಯ ನಕಲನ್ನು ಮೂರನೇ ಸಲ ತೆಗೆದು ನೋಡಿದೆ.

ನಾನು ಹೊರಟಿದ್ದು ನಮ್ಮ ಅಜ್ಜನ ಶವ ಪಂಚನಾಮೆ ಹುಡುಕಲು. ಯಾರಾದರೂ ಅಸಹಜವಾಗಿ ಸತ್ತರೆ ಐದು ಜನರನ್ನು ಪಂಚರೆಂದು ಕರೆದು, ಹೆಣದ ಮುಂದೆ ನಿಲ್ಲಿಸಿ, ಕಂಡದ್ದನ್ನೆಲ್ಲ ಬರೆದು ರುಜು ಹಾಕಿಸುವ ಕಾಗದ ಅದು. ಶವಾಗಾರದ ಬಾಗಿಲಲ್ಲಿ ಅಂಥ ಕಾಗದಗಳಿಗಾಗಿ ನಾನು ಎಷ್ಟು ಸಲ ಕಾದಿದ್ದೇನೋ ಲೆಕ್ಕವಿಲ್ಲ. ನಮ್ಮ ಮನೆಯವನದೇ ಒಂದು ಎಲ್ಲೋ ಇದ್ದೀತೆಂದು ಒಂದು ದಿನವೂ ಹೊಳೆದಿರಲಿಲ್ಲ.

ಅಜ್ಜ ಬೀರಪ್ಪ ಸತ್ತದ್ದು ಸ್ವಾತಂತ್ರ್ಯ ಬಂದ ಮೂರ್ನಾಲ್ಕು ವರ್ಷಕ್ಕೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಬಳಿ ನಮ್ಮ ಮೂಲಮನೆ. ಬೀರಪ್ಪ, ಅವನ ಅಣ್ಣ ಮೈಲಾರಪ್ಪ ಇಬ್ಬರೂ ಕುರಿ ಮಂದೆ ಹೊಡೆದುಕೊಂಡು ಮೇವು ಹುಡುಕುತ್ತ ಹಿರಿಯೂರಿನ ಕಡೆ ಹೋಗಿದ್ದರು. ಹಿಂದಿರುಗಿ ಬಂದವನು ಅಣ್ಣ ಒಬ್ಬನೇ. ತಮ್ಮ ಕೆರೆಗೆ ಹಾರಿಕೊಂಡ, ಅಲ್ಲೇ ಮಣ್ಣು ಮಾಡಿ ಬಂದೆ ಎಂದ. ಅಷ್ಟಕ್ಕೆ ಮಾತು ಮುಗಿಯಿತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಒಳಗೆ ಕಂಬಳಿ ಹಾಸಿ, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆಯುತ್ತಾರೆ. ತಾವಾಗಿ ಪ್ರಾಣ ಕಳೆದುಕೊಂಡವರ ಎಲೆ ನಮ್ಮ ಮನೆತನದಲ್ಲಿ ಹೊಸ್ತಿಲ ಹೊರಗೆ, ಜಗಲಿಯ ಕಲ್ಲಿನ ಮೇಲೆ. ಅವರನ್ನು ಕರೆಯುವುದೂ ಇಲ್ಲ, ಆ ಕಲ್ಲಿಗೆ ಯಾರೂ ಕಾಲು ಸೋಕಿಸುವುದೂ ಇಲ್ಲ. ಎಪ್ಪತ್ತು ವರ್ಷದಿಂದ ನಮ್ಮ ಅಜ್ಜ ಹೊರಗಿದ್ದ.

ಅಜ್ಜ ಸತ್ತಾಗ ನನ್ನ ಅಪ್ಪ ಇನ್ನೂ ಹೊಟ್ಟೆಯಲ್ಲಿದ್ದ. ಅಪ್ಪನ ಅಕ್ಕ ಕೆಂಚತ್ತೆಗೆ ಎಂಟು ವರ್ಷ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು, ಕೆಂಚತ್ತೆಗೆ ಈಗ ಎಂಬತ್ತು ದಾಟಿದೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಕೊಟ್ಟ ಹೆಣ್ಣು. ಬೇಸಿಗೆಯಲ್ಲಿ ಎದೆನೋವೆಂದು ಅವಳನ್ನು ದಾವಣಗೆರೆಗೆ ಕರೆತಂದಾಗ ಹತ್ತು ದಿನ ನಾನೇ ನೋಡಿಕೊಂಡೆ. ಹೋಗುವ ದಿನ ನನ್ನ ಕೈ ಹಿಡಿದು, "ಲೇ ರತ್ನಿ, ನಾನು ಸಾಯಾದ್ರೊಳಗೆ ನಮ್ಮಪ್ಪ ಒಳಕ್ಕೆ ಬರ್ಬೇಕು" ಎಂದಳು. ಕೊಟ್ಟ ಹೆಣ್ಣಿಗೆ ತವರಿನ ಎಡೆಯ ವಿಷಯದಲ್ಲಿ ಬಾಯಿಲ್ಲ. ಎಡೆ ಇಡುವ ಹಕ್ಕು ಮೈಲಾರಪ್ಪನ ಮಗ ಕರಿಯಪ್ಪನವರದು, ನನಗೆ ದೊಡ್ಡಪ್ಪನ ವರಸೆ. ಅವರನ್ನು ಕೇಳಿದರೆ, ಹಿರಿಯರು ಹಾಕಿದ ಗೆರೆಯನ್ನು ತಾನು ದಾಟುವುದಿಲ್ಲ, ಆವತ್ತು ಸರ್ಕಾರದವರು ಏನು ಬರೆದುಕೊಂಡರೋ ಆ ಕಾಗದ ತಂದರೆ ನೋಡೋಣ ಎಂದಿದ್ದರು. ಸಿಗುವುದಿಲ್ಲ ಎಂಬ ಧೈರ್ಯದ ಮೇಲೇ ಹಾಗೆಂದರೆಂದು ನನಗೆ ಆಗಲೇ ಅನ್ನಿಸಿ ಮೈ ಉರಿದಿತ್ತು. ಅಮಾವಾಸ್ಯೆ ಶನಿವಾರ. ನನ್ನ ಕೈಯಲ್ಲಿದ್ದದ್ದು ನಾಲ್ಕು ದಿನ.

ಚಿತ್ರದುರ್ಗದಲ್ಲಿ ಇಳಿದಾಗ ಎಂಟೂವರೆ. ಊರಿಗೆ ಬಂದವರೆಲ್ಲ ಕೋಟೆಯ ಕಡೆ ಮುಖ ಮಾಡಿದರೆ ನಾನು ಕಚೇರಿಯ ಕಡೆ ನಡೆದೆ. ಹತ್ತಕ್ಕೆ ಬಾಗಿಲು ತೆರೆಯುವ ತನಕ ಎದುರಿನ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು ಎರಡು ಟೀ ಕುಡಿದೆ. ಹಳೆಯ ದಾಖಲೆಗಳ ಕೊಠಡಿಗೆ ಎರಡು ತಿಂಗಳ ಹಿಂದೆಯೇ ಅರ್ಜಿ ಹಾಕಿದ್ದರಿಂದ ಹೆಚ್ಚು ಕಾಯಿಸಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು ಚಾವಣಿಯವರೆಗೆ ಪೇರಿಸಿದ್ದವು, ಮೂಗಿಗೆ ಸೆರಗು ಹಿಡಿದರೂ ಸೀನು ನಿಲ್ಲಲಿಲ್ಲ. ಗುಮಾಸ್ತರು ಸಮಾಧಾನದ ಮನುಷ್ಯ. ಅವರು ಒಂದು ಹಾಳೆ ಮಗುಚುವಷ್ಟರಲ್ಲಿ ನಾನು ನಾಲ್ಕು ಮಗುಚುತ್ತಿದ್ದೆ ಎಂದು ಒಳಗೊಳಗೇ ಕುದಿಯುತ್ತ ನಿಂತೆ.

ಮಧ್ಯಾಹ್ನ ಒಂದರ ಹೊತ್ತಿಗೆ ಉದ್ದನೆಯ ರಿಜಿಸ್ಟರಿನಲ್ಲಿ ಆ ಸಾಲು ಸಿಕ್ಕಿತು. ಬೀರಪ್ಪ, ಕುರುಬರು, ವಾಸ ಹೊಸದುರ್ಗ ತಾಲ್ಲೂಕು, ಹಿರಿಯೂರು ತಾಲ್ಲೂಕಿನ ಇಂಥ ಊರಿನ ಕೆರೆಯಲ್ಲಿ ಮರಣ. ಅಜ್ಜನ ಹೆಸರನ್ನು ನಾನು ಬರವಣಿಗೆಯಲ್ಲಿ ಕಂಡದ್ದು ಅದೇ ಮೊದಲು. ಅಕ್ಷರಗಳ ಮೇಲೆ ಬೆರಳಾಡಿಸಿದೆ. ಆದರೆ ಅದೇ ಸಾಲಿನ ಕೊನೆಯಲ್ಲಿ, ಕಡತವನ್ನು ಅವಧಿ ಮುಗಿದ ಕಾರಣ ನಾಶಪಡಿಸಿದೆ ಎಂಬ ಮುದ್ರೆ ಇತ್ತು. ನಿಯಮ ಇರುವುದೇ ಹಾಗಂತೆ, ಯಾರ ತಪ್ಪೂ ಅಲ್ಲ. ನಾನು ಕೈಚೀಲ ಎತ್ತಿಕೊಂಡೆ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಬಾಗಿಲವರೆಗೆ ಬಂದರು.

"ಆಗಿನ ಕಾಲದಾಗೆ ಊರ ಪಟೇಲ್ರು ಒಂದು ನಕಲು ಇಟ್ಕಂತಿದ್ರು ಮೇಡಂ. ಸರ್ಕಾರ ಸುಟ್ಟಿದ್ದು ಪಟೇಲ್ರ ಮನೆ ಪೆಟ್ಟಿಗೆಯಾಗೆ ಉಳ್ದಿರ್ತೈತೆ. ಒಂದ್ಸಲ ಹೋಗಿ ನೋಡ್ರಿ" ಎಂದರು.

ಅವರನ್ನು ನಿಧಾನಿ ಎಂದು ಬೈದುಕೊಂಡಿದ್ದಕ್ಕೆ ನಾಚಿಕೆಯಾಗಿ ಎರಡು ಸಲ ಕೈ ಮುಗಿದೆ. ಮೂರರ ಬಸ್ಸಿಗೆ ಹಿರಿಯೂರಿನ ದಾರಿ ಹಿಡಿದೆ. ನಲವತ್ತು ಕಿಲೋಮೀಟರು, ಹೆದ್ದಾರಿ, ಒಂದು ಗಂಟೆಯೂ ಹಿಡಿಯಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೇ ಸಮನೆ ತಿರುಗುತ್ತಿದ್ದವು. ಮಳೆ ಬರುತ್ತೇನೆಂದು ಹೆದರಿಸಿ ಎರಡು ಹನಿ ಹಾಕಿ ಹೋಯಿತು. ಲಾಡ್ಜಿನಲ್ಲಿ ರೂಮು ಹಿಡಿದು ಬೇಗ ಮಲಗಿದೆ.

ಬುಧವಾರ ಬೆಳಿಗ್ಗೆ ತಟ್ಟೆ ಇಡ್ಲಿ ತಿಂದು ಆಟೊ ಮಾಡಿಕೊಂಡು ಆ ಊರಿಗೆ ಹೋದೆ. ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಬರೆಯುವುದಿಲ್ಲವೆಂದು ಆ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ದಾರಿಯುದ್ದಕ್ಕೂ ದಾಳಿಂಬೆ ತೋಟಗಳು, ನಡುನಡುವೆ ಜಾಲಿ. ಪಟೇಲರ ಮೊಮ್ಮಗ ರುದ್ರಪ್ಪನವರಿಗೆ ಎಪ್ಪತ್ತರ ಆಸುಪಾಸು, ಹಣೆಯ ತುಂಬ ವಿಭೂತಿ. ಹಳೇ ಕಾಗದ ಎಂಬ ಮಾತು ನನ್ನ ಬಾಯಿಂದ ಬೀಳುತ್ತಲೇ ಅವರ ಮುಖ ಬಿಗಿಯಿತು. ಹಿಂದೊಮ್ಮೆ ಯಾರೋ ಹೀಗೇ ಹಳೇ ಕಾಗದ ನೋಡುತ್ತೇವೆಂದು ಬಂದು ಜಮೀನಿನ ತಕರಾರು ಎಬ್ಬಿಸಿದ್ದರಂತೆ. ಪೆಟ್ಟಿಗೆಯಲ್ಲಿ ಏನೂ ಇಲ್ಲ, ಗೆದ್ದಲು ತಿಂದಿದೆ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಎಂದುಕೊಂಡು ಜಗಲಿ ಮೇಲೆ ಕೂತೆ. ಐದು ನಿಮಿಷಕ್ಕೆ ಎದ್ದೆ, ಓಡಾಡಿದೆ, ಮತ್ತೆ ಕೂತೆ.

ಒಂದು ಗಂಟೆಯಾದರೂ ನಾನು ಕದಲದಿದ್ದಾಗ ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು, ಅಂಥದ್ದೇನು ಕಾಗದ ಎಂದು ಕೇಳಿದರು. ಹೇಳಿದೆ. ಹೊಸ್ತಿಲು, ಎಲೆ, ಕೆಂಚತ್ತೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಅಳಬಾರದೆಂದುಕೊಂಡಿದ್ದವಳು ಅತ್ತೂಬಿಟ್ಟೆ. ಆ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಗಂಡನ ಕಡೆ ತಿರುಗಿ, "ಸತ್ತೋರ ಕಾಗದ ಇಟ್ಕಂಡು ನಮಗೇನಾಗ್ಬೇಕೈತ್ರಿ, ತೆಗ್ದು ಕೊಡ್ರಿ" ಎಂದರು.

ತಗಡಿನ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಗೆದ್ದಲು ಒಂದು ಮೂಲೆಯನ್ನಷ್ಟೇ ತಿಂದಿತ್ತು. ರುದ್ರಪ್ಪನವರು ಒಂದೊಂದೇ ಕಟ್ಟು ಬಿಚ್ಚಿ, ಜಮೀನಿನದನ್ನೆಲ್ಲ ನನಗೆ ಕಾಣದ ಹಾಗೆ ತೊಡೆಯ ಕೆಳಗೆ ಸೇರಿಸುತ್ತ ಹೋದರು. ಹನ್ನೆರಡರ ಹೊತ್ತಿಗೆ ಎರಡು ಹಾಳೆಯ ಒಂದು ಕಾಗದ ಹೊರಬಂತು. ಶಾನುಭೋಗರ ಕೂಡಕ್ಷರ, ಅಕ್ಷರಕ್ಕೆ ಅಕ್ಷರ ಪೋಣಿಸಿದ ಹಳೆಯ ಬರಹ, ನನಗೆ ಒಂದು ಪದವೂ ಹತ್ತಲಿಲ್ಲ. ತಮ್ಮ ಅಜ್ಜನ ಕಾಲಬುಡದಲ್ಲಿ ಕೂತು ಆ ಬರವಣಿಗೆ ಕಲಿತಿದ್ದ ರುದ್ರಪ್ಪನವರೇ ಕನ್ನಡಕ ಏರಿಸಿ ಓದಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮೊದಲ ಹಾಳೆಯಲ್ಲಿ ಹೀಗಿತ್ತು: "ಹೆಣವನ್ನು ನೀರಿನಿಂದ ತೆಗೆದು ದಡದಲ್ಲಿ ಅಂಗಾತ ಮಲಗಿಸಿದೆ. ವಯಸ್ಸು ಸುಮಾರು ಮೂವತ್ತು. ಮೈಮೇಲೆ ಗಾಯವಿಲ್ಲ. ಪಂಚೆಯನ್ನು ಮೇಲೆತ್ತಿ ಕಟ್ಟಿದೆ. ಮೊಣಕಾಲವರೆಗೆ ಕೆಸರು. ದಡದ ಮೇಲೆ ದೊರೆತ ಸಾಮಾನು: ಎಕ್ಕಡ ಒಂದು ಜೊತೆ, ಕರಿ ಕಂಬಳಿ ಒಂದು, ಕಂಬಳಿಯಲ್ಲಿ ಸುತ್ತಿದ ಕುರಿಮರಿ ಒಂದು, ಹುಟ್ಟಿ ಒಂದು ದಿನದ್ದು, ಜೀವಸಹಿತ ಇದೆ. ಸದರಿ ಮರಿಯನ್ನು ಮೃತನ ಅಣ್ಣನ ವಶಕ್ಕೆ ಕೊಟ್ಟಿದೆ." ಕೊನೆಯಲ್ಲಿ ಪಂಚರ ಅಭಿಪ್ರಾಯ: ನೀರಿನಲ್ಲಿ ಉಸಿರುಕಟ್ಟಿ ಮರಣ, ಯಾರ ಮೇಲೂ ಅನುಮಾನವಿಲ್ಲ. ಜಾರಿ ಬಿದ್ದನೆಂದೂ ಇಲ್ಲ, ಹಾರಿಕೊಂಡನೆಂದೂ ಇಲ್ಲ. ಕೆಳಗೆ ಐದು ಹೆಬ್ಬೆಟ್ಟಿನ ಗುರುತು.

ಎರಡನೇ ಹಾಳೆ ಮೈಲಾರಪ್ಪನ ಹೇಳಿಕೆ. ಐದಾರು ಸಾಲು. ಆ ಬೆಳಿಗ್ಗೆ ಕುರಿಯ ವಿಷಯಕ್ಕೆ ಅಣ್ಣ ತಮ್ಮನಿಗೆ ಮಾತಾಗಿದೆ, ಅಣ್ಣ ತಮ್ಮನನ್ನು ಬೈದಿದ್ದಾನೆ, ಅದೇ ನೋವಿನಲ್ಲಿ ನೀರಿಗೆ ಬಿದ್ದಿರಬೇಕು ಎಂದು ತಾನೇ ಬಾಯಿಬಿಟ್ಟು ಹೇಳಿದ್ದಾನೆ. ರುದ್ರಪ್ಪನವರು ಅದನ್ನು ಓದುವಾಗ ನನ್ನ ಪೆನ್ನು ನಿಂತುಹೋಯಿತು. ಮತ್ತೊಮ್ಮೆ ಓದಿಸಿ ಅದನ್ನೂ ಬರೆದುಕೊಂಡೆ. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎಂದು ಒಂದು ನಿಮಿಷದ ಹಿಂದೆ ಹಿಗ್ಗಿದ್ದೆ. ಈಗ ಆ ಬಳ್ಳಿಯೇ ಕಾಲು ಕಟ್ಟಿ ಕೆಡವಿತ್ತು. ಮೂಲ ಕೊಡಲಾಗುವುದಿಲ್ಲ, ಬೇಕಾದರೆ ಫೋಟೊ ತೆಗೆದುಕೊಳ್ಳಿ ಎಂದರು. ಎರಡೂ ಹಾಳೆಯ ಫೋಟೊ ತೆಗೆದುಕೊಂಡೆ.

ರುದ್ರಪ್ಪನವರು ತಮ್ಮ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕೆರೆ ತೋರಿಸಿದರು. ಅರ್ಧ ಬತ್ತಿತ್ತು. ಅಂಚಿನಲ್ಲಿ ಹೂಳು ಬಿರುಕು ಬಿಟ್ಟು, ಒಳಗೆ ಹೋದಂತೆ ಮೆತ್ತಗಿತ್ತು. ನೋಡಲು ಗಟ್ಟಿ ಅನ್ನಿಸುತ್ತದೆ, ಕಾಲಿಟ್ಟರೆ ಸೊಂಟದವರೆಗೆ ಎಳೆದುಕೊಳ್ಳುತ್ತದೆ, ದನ ಎಷ್ಟೋ ಹೋಗಿವೆ ಎಂದು ಅವರು ಹೇಳುತ್ತಿದ್ದರು. ಅಜ್ಜನನ್ನು ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ. ಎಪ್ಪತ್ತು ವರ್ಷದ ಮೇಲೆ ಮನೆಯಿಂದ ಬಂದ ಮೊದಲನೆಯವಳು ನಾನು, ಒಂದು ಗಳಿಗೆ ನಿಂತು ಕೈ ಮುಗಿಯಬೇಕಿತ್ತು. ಆದರೆ ನಿಲ್ಲಲಾಗಲಿಲ್ಲ. ಹೋಗಾಣ ನಡೀರಿ ಎಂದು ಮೊಪೆಡ್ ಹತ್ತಿಬಿಟ್ಟೆ.

ಗುರುವಾರ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಹೊರಟೆ. ಒಂದೂವರೆ ಗಂಟೆಯ ದಾರಿಯಲ್ಲಿ ಹೊರಗೆ ಏನಿತ್ತೆಂದು ಕೇಳಿದರೆ ತೆಂಗಿನ ತೋಟಗಳು ಇದ್ದವು ಎನ್ನುವುದಕ್ಕಿಂತ ಹೆಚ್ಚು ಹೇಳಲಾರೆ. ನನ್ನ ಕಣ್ಣು ಫೋನಿನ ಮೇಲಿತ್ತು. ಮೊದಲ ಹಾಳೆಯನ್ನಷ್ಟೇ ತೋರಿಸಿದರೆ? ಅದರಲ್ಲಿ ಹಾರಿಕೊಂಡನೆಂಬ ಮಾತಿಲ್ಲ. ಐದು ಜನ ಪಂಚರು ಹಾಗೆಂದಿಲ್ಲವಲ್ಲ ಎಂದು ವಾದಿಸಬಹುದು. ಎರಡನೆಯದನ್ನು ತೋರಿಸಿದರೆ ಕರಿಯಪ್ಪನವರು, ನೋಡು, ನಮ್ಮಪ್ಪ ಆವತ್ತೇ ಹೇಳಿದ್ದಾನೆ ಎನ್ನುತ್ತಾರೆ, ಅಲ್ಲಿಗೆ ಅಜ್ಜ ಇನ್ನೆಂದೂ ಒಳಗೆ ಬರುವುದಿಲ್ಲ. ನಾನೇ ಹುಡುಕಿ ತಂದ ಕಾಗದ ನಾನೇ ಹಾಕಿದ ಬೀಗವಾಗುತ್ತದೆ. ಎರಡನೇ ಫೋಟೊದ ಮೇಲೆ ಬೆರಳಿಟ್ಟಾಗ ಅಳಿಸಲೋ ಬೇಡವೋ ಎಂದು ಮೂರು ಸಲ ಫೋನು ಕೇಳಿತು, ಮೂರು ಸಲವೂ ಬೇಡ ಎಂದೆ. ಆಸ್ಪತ್ರೆಯಲ್ಲಿ ಒಂದು ದಿನವೂ ಕೇಸ್ ಶೀಟು ತಿದ್ದಿದವಳಲ್ಲ ನಾನು. ಅಳಿಸುವುದು ಬೇಡ, ತೋರಿಸುವುದೂ ಬೇಡ ಎಂದು ತೀರ್ಮಾನಿಸಿಕೊಂಡು ಹೊಸದುರ್ಗದಲ್ಲಿ ಇಳಿದೆ. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡೆ, ತಿನ್ನಲಾಗಲಿಲ್ಲ.

ಮಾಡದಕೆರೆಗೆ ಖಾಸಗಿ ಬಸ್ಸು, ಅಲ್ಲಿಂದ ಆಟೊ. ಕರಿಯಪ್ಪನವರು ಜಗಲಿಯ ಮೇಲೆ, ಆ ಕಲ್ಲಿನಿಂದ ದೂರ ಕೂತು ಉಣ್ಣೆ ನೂಲುತ್ತಿದ್ದರು. ಎಂಬತ್ತರ ಹತ್ತಿರವಾದರೂ ಈಗಲೂ ಅರವತ್ತು ಕುರಿ ಇಟ್ಟುಕೊಂಡಿದ್ದಾರೆ. "ಬಾರವ್ವ, ಕುಂತ್ಕ" ಎಂದರು. ಕಾಗದ ಸಿಕ್ಕಿತು ಎಂದೆ. ನೂಲುತ್ತಿದ್ದ ಕೈ ನಿಲ್ಲಲಿಲ್ಲ, ಓದು ಎಂದರು. ಅವರಿಗೆ ಅಕ್ಷರ ಬರುವುದಿಲ್ಲ. ನೋಟ್‌ಬುಕ್ಕು ತೆರೆದು ಮೊದಲ ಹಾಳೆಯದನ್ನು ಓದಿದೆ. ಪಂಚೆ ಎತ್ತಿ ಕಟ್ಟಿತ್ತು ಎಂಬುದನ್ನು ಒತ್ತಿ ಓದಿದೆ, ಸಾಯಲು ಹೋಗುವವನು ಪಂಚೆ ನೆನೆದೀತೆಂದು ಎತ್ತಿ ಕಟ್ಟುತ್ತಾನೆಯೇ ಎಂದು ವಾದಕ್ಕೆ ಸಿದ್ಧವಾಗಿದ್ದೆ. ಅವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕುರಿಮರಿ ಎಂದ ಕಡೆ ನೂಲು ಕಡಿಯಿತು.

"ಇನ್ನೊಂದು ಸಲ ಓದು."

ಓದಿದೆ.

"ಮರಿ ಸಿಕ್ಕೈತೆ. ತಾಯಿ ಎಲ್ಲೈತೆ?"

ಹಾಗೇನೂ ಬರೆದಿಲ್ಲ ಎಂದೆ. ಪಂಚರು ಯಾವ ಜನ ಎಂದು ಕೇಳಿದರು. ಐವರೂ ಬೇಸಾಯಗ್ರಸ್ತರೆಂದು ಕಾಗದದಲ್ಲಿತ್ತು. "ಅದಕ್ಕೇ ಮತ್ತೆ. ಎಕ್ಕಡ, ಕಂಬಳಿ, ಮರಿ ಅಂತ ಸಾಮಾನು ಬರ್ಕಂಡಂಗೆ ಬರ್ಕಂಡವ್ರೆ. ತಾಯಿ ಎಲ್ಲೋತು ಅಂತ ಒಬ್ರೂ ಕೇಳಿಲ್ಲ" ಎಂದರು. ಆಮೇಲೆ, ಪೇಟೆಯಲ್ಲಿ ಬೆಳೆದ ನನಗೆ ತಿಳಿಯಲೆಂದು ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲ ಸೂಲಿನ ಕುರಿ ಕೆಲವೊಮ್ಮೆ ಮರಿ ಹಾಕಿ ಹೆದರಿ ಓಡುತ್ತದೆ. ಗಿಣ್ಣು ಹಾಲು ಬೇಗ ಒಳಗೆ ಹೋಗದಿದ್ದರೆ ಮರಿ ಉಳಿಯುವುದಿಲ್ಲ. ಕುರುಬನಾದವನು ಮರಿಯನ್ನು ಕಂಬಳಿಯಲ್ಲಿ ಬೆಚ್ಚಗೆ ಸುತ್ತಿಟ್ಟು ತಾಯಿಯನ್ನು ಹಿಡಿಯಲು ಹೋಗುತ್ತಾನೆ, ಅದು ನೀರಿಗಿಳಿದರೆ ತಾನೂ ಇಳಿಯುತ್ತಾನೆ. ಆದರೆ ಅಲ್ಲೊಂದು ಸೂಲು ಕುರಿ ಇತ್ತೆಂದು ಕಾಗದ ಹೇಳದಿದ್ದರೆ ಇದೆಲ್ಲ ತನ್ನ ಊಹೆ ಅಷ್ಟೇ, ಊಹೆಯ ಮೇಲೆ ಹಿರಿಯರ ಗೆರೆ ಅಳಿಸಲಾಗುವುದಿಲ್ಲ ಎಂದರು.

ಆ ಕುರಿ ಯಾವ ಹಾಳೆಯಲ್ಲಿದೆಯೆಂದು ನನಗೆ ಗೊತ್ತಿತ್ತು. ಎರಡನೇ ಹಾಳೆಯದನ್ನು ಹಿಂದಿನ ದಿನದಿಂದ ನೋಟ್‌ಬುಕ್ಕಿನಲ್ಲಿ ಎಷ್ಟು ಸಲ ಓದಿಕೊಂಡಿದ್ದೆನೋ, ಪ್ರತಿ ಸಲವೂ ಕಣ್ಣು ಬೈದೆನು ಎಂಬ ಮಾತಿಗೇ ಹೋಗಿ ನಿಲ್ಲುತ್ತಿತ್ತು. ದೊಡ್ಡಪ್ಪ, ಇನ್ನೊಂದು ಹಾಳೆ ಇದೆ, ನಿಮಗೆ ತೋರಿಸಬಾರದೆಂದು ಮುಚ್ಚಿಟ್ಟಿದ್ದೆ ಎಂದು ಒಪ್ಪಿಕೊಂಡೆ. ಓದಿದೆ.

"ಆ ದಿನ ಬೆಳಿಗ್ಗೆ ಮಂದೆಯಲ್ಲಿ ದಿನ ತುಂಬಿದ ಒಂದು ಕುರಿ ಕಡಿಮೆ ಇತ್ತು. ನನ್ನ ತಮ್ಮನು ಅದನ್ನು ಹಿಂದೆ ಬಿಟ್ಟು ಬಂದನೆಂದು ಬಹಳವಾಗಿ ಬೈದೆನು. ಕುರಿ ಇಲ್ಲದೆ ನನ್ನ ಮುಂದೆ ಬರಬೇಡ ಎಂದೆನು. ಅದೇ ನೋವಿನಲ್ಲಿ ನೀರಿಗೆ ಬಿದ್ದಿರಬೇಕು."

ಕರಿಯಪ್ಪನವರು ಉಣ್ಣೆಯನ್ನು ಮಡಿಲಿಗೆ ಎಳೆದುಕೊಂಡರು. ಕಡಿದ ನೂಲನ್ನು ಗಂಟು ಹಾಕಲು ನೋಡಿದರು, ಬೆರಳು ಕೂಡಲಿಲ್ಲ. ಪಂಚರಿಗೆ ತಿಳಿಯದಿದ್ದರೆ ಸರಿ, ಬೇಸಾಯದವರು. ಮರಿಯನ್ನು ಕೈಗೆ ಇಸಿದುಕೊಂಡ ಮೈಲಾರಪ್ಪನಿಗೂ ತಿಳಿಯಲಿಲ್ಲವೆಂದರೆ ನಂಬುವುದು ಹೇಗೆ? ಅವರು ಅದನ್ನೇ ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. "ನಮ್ಮಪ್ಪ ಕುರುಬ. ಅವನಿಗೆ ಗೊತ್ತಿತ್ತು" ಎಂದರು ಕೊನೆಗೆ. "ತಮ್ಮ ತಾನೇ ಹಾರ್ಕಂಡ ಅಂದ್ರೆ ಪಾಪ ತಮ್ಮಂದು. ಕುರಿ ಹಿಂದೆ ಹೋದ ಅಂದ್ರೆ ಕಳ್ಸಿದೋನು ನಮ್ಮಪ್ಪ."

ಹಾಗೇ ಇರಬೇಕೆಂದೇನಿಲ್ಲ, ದುಃಖದಲ್ಲಿ ಇದ್ದವನಿಗೆ ಕಣ್ಣ ಮುಂದಿನದೂ ಕಾಣುವುದಿಲ್ಲ ಎಂದೆ. ಆಸ್ಪತ್ರೆಯಲ್ಲಿ ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ, ಸತ್ತವರ ಸಾವಿಗೆ ತಾವೇ ಕಾರಣವೆಂದು ಗೋಡೆಗೆ ತಲೆ ಚಚ್ಚಿಕೊಳ್ಳುವವರನ್ನು. ಅವರು ಕೇಳಿಸಿಕೊಂಡರೋ ಇಲ್ಲವೋ. ಎದ್ದು ನಿಂತು, ಚಿಕ್ಕಪ್ಪನನ್ನು ಒಳಗೆ ಇಡಾಣ, ಕೆಂಚಕ್ಕನನ್ನು ಕರೆದುಕೊಂಡು ಬಾ ಎಂದರು. ನಾನು ಗೆದ್ದಿದ್ದೆ. ಆದರೂ ಕುಣಿಯುವ ಹಾಗಿರಲಿಲ್ಲ, ಆ ಮನುಷ್ಯನ ಮುಖ ನೋಡಲಾಗುತ್ತಿರಲಿಲ್ಲ.

ಶುಕ್ರವಾರ ಹೊಸದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ತಾಳ್ಯ. ಹೊಳಲ್ಕೆರೆಯಲ್ಲಿ ತಾಳ್ಯದ ಬಸ್ಸು ತಡವಾಗಿ ನಿಲ್ದಾಣದ ನೆರಳಲ್ಲಿ ಮುಕ್ಕಾಲು ಗಂಟೆ ಕಾದೆ. ಕೆಂಚತ್ತೆಗೆ ಏನೇನು ಹೇಳುವುದು, ಏನು ಬಿಡುವುದು ಎಂದು ಲೆಕ್ಕ ಹಾಕಿದೆ. ಬಿಡುವ ಆಟ ಒಂದು ಸಲ ಆಡಿ ಸಾಕಾಗಿತ್ತು. ಅವಳ ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ಅಡುಗೆಮನೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಎರಡೂ ಹಾಳೆ ಓದಿದೆ, ಕರಿಯಪ್ಪನವರು ಹೇಳಿದ್ದನ್ನೂ ಹೇಳಿದೆ.

ಅಪ್ಪ ಒಳಗೆ ಬರುತ್ತಾನೆ ಎಂದು ಕೇಳಿ ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಮರಿ ಯಾವ ಬಣ್ಣದ್ದು ಎಂದು ಬರೆದಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಕರಿದು, ಒಂದು ಕಿವಿ ಬಿಳಿದು ಎಂದಳು. ಅವಳಪ್ಪ ಸತ್ತ ಸುದ್ದಿ ಬಂದ ದಿನ ಅವಳ ದೊಡ್ಡಪ್ಪ ಮೈಲಾರಪ್ಪ ಕಂಬಳಿ ಬಿಚ್ಚಿ ಒಂದು ಮರಿಯನ್ನು ಅವಳ ಮಡಿಲಿಗೆ ಹಾಕಿ, ಇದನ್ನು ನೀನೇ ಸಾಕು ಎಂದಿದ್ದನಂತೆ. ಹಿರಿಯೂರಿನ ಆಚೆಯಿಂದ ಮಾಡದಕೆರೆಗೆ ಎರಡು ದಿನದ ನಡಿಗೆ. ಮಂದೆಯಲ್ಲಿ ಹಾಲಿನ ಕುರಿ ಬೇರೆ ಇಲ್ಲದೆ, ದಾರಿಯಲ್ಲಿ ಊರೂರಲ್ಲಿ ಹಾಲು ಬೇಡಿ ಅದಕ್ಕೆ ಕುಡಿಸಿಕೊಂಡು ಬಂದಿದ್ದನಂತೆ. ಅದು ಎಲ್ಲಿಯದೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ದೊಡ್ಡದಾದ ಮೇಲೂ ಅದನ್ನು ಮಾರಲು ಬಿಡಲಿಲ್ಲ, ಕಡಿಯಲು ಬಿಡಲಿಲ್ಲ, ಮುದಿಯಾಗಿ ಕೊಟ್ಟಿಗೆಯಲ್ಲೇ ಸತ್ತಿತು. ಆಮೇಲೆ ಅವಳು, ಅಪ್ಪನನ್ನು ಹೊರಗೆ ಕೂರಿಸಿದವನೆಂದು ಇಷ್ಟು ವರ್ಷ ದೊಡ್ಡಪ್ಪನಿಗೆ ಶಾಪ ಹಾಕಿದ್ದೇನೆ ಎಂದಳು. ಈಗ ಕ್ಷಮಿಸಿದೆಯಾ ಎಂದು ಕೇಳಬಾರದಿತ್ತು, ಕೇಳಿದೆ. "ಗೊತ್ತಿಲ್ಲ ಕಣೇ. ನಡಿ, ಕಣ್ಣಾರ ನೋಡಾಣ" ಎಂದಳು.

ಶನಿವಾರ ಬೆಳಿಗ್ಗೆ ಅವಳಿಗೆ ಬಸ್ಸು ಆಗುವುದಿಲ್ಲವೆಂದು ಬಾಡಿಗೆ ಕಾರು ಮಾಡಿದೆ. ಹೊರಕೆರೆದೇವಪುರದ ಮೇಲೆ ಹೋದೆವು. ಅಲ್ಲಿನ ಗುಡಿಯ ದಿಕ್ಕಿಗೆ ಅತ್ತೆ ಕೂತಲ್ಲಿಂದಲೇ ಕೈ ಮುಗಿದಳು. ಇನ್ನೆಷ್ಟು ದೂರ ಎಂದು ಹತ್ತು ಸಲ ಕೇಳಿದಳು. ನನ್ನ ಚಡಪಡಿಕೆ ಯಾರ ಕಡೆಯಿಂದ ಬಂದದ್ದೆಂದು ಆ ದಿನ ತಿಳಿಯಿತು.

ನಾವು ಸೇರುವಷ್ಟರಲ್ಲಿ ಮಟನ್ ಸಾರು, ಮುದ್ದೆ, ಹೋಳಿಗೆ ಎಲ್ಲ ಆಗಿತ್ತು. ನೆಂಟರು ಇಪ್ಪತ್ತು ಜನ ಸೇರಿದ್ದರು. ಒಳಗೆ ಕಂಬಳಿ ಹಾಸಿ ಎಲೆ ಸಾಲಾಗಿ ಹಾಕಿದ್ದರು. ಬೀರಪ್ಪನಿಗೆ ಏನು ಇಷ್ಟವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಂಚತ್ತೆ ಹುರಿಗಡಲೆ, ಬೆಲ್ಲ ಎಂದಳು, ಯಾರೋ ಓಡಿ ಅಂಗಡಿಯಿಂದ ತಂದರು. ಕರಿಯಪ್ಪನವರು ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು, ಕೊನೆಗೆ "ಚಿಕ್ಕಪ್ಪ, ಬೀರಪ್ಪ, ಒಳಕ್ಕೆ ಬಾ" ಎಂದರು. ಕೆಂಚತ್ತೆ ಆಗ ಅತ್ತಳು, ನಾನೂ ಅತ್ತೆ. ಇಲ್ಲಿಗೆ ನನ್ನ ಪ್ರಯಾಣ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಕರಿಯಪ್ಪನವರು ಬಗ್ಗಿ ಸಾಲಿನಿಂದ ಒಂದು ಎಲೆಯನ್ನು ಬಡಿಸಿದ ಹಾಗೇ ಎತ್ತಿಕೊಂಡು, ಹೊಸ್ತಿಲು ದಾಟಿ, ಜಗಲಿಯ ಕಲ್ಲಿನ ಮೇಲೆ ಇಟ್ಟು ಬಂದರು. ಯಾರದೆಂದು ಹೇಳಬೇಕಾಗಿರಲಿಲ್ಲ. "ತಮ್ಮನ್ನ ಎಪ್ಪತ್ತು ವರ್ಷ ಹೊರಗೆ ಕುಂದ್ರಿಸ್ದ. ಇನ್ನು ಅವನು ಕುಂತ್ಕಳ್ಳಿ" ಎಂದರು. ಮಗ ಅಪ್ಪನಿಗೆ ಕೊಟ್ಟ ತೀರ್ಪು, ನಡುವೆ ಬಾಯಿ ಹಾಕುವವರು ಯಾರು? ಈ ಕಾಗದವನ್ನು ತಂದವಳು ನಾನು ಎಂದು ನನಗೆ ನೆಲ ನುಂಗಬಾರದೇ ಅನ್ನಿಸಿತು.

ಕೆಂಚತ್ತೆ ಗೋಡೆ ಹಿಡಿದು ಎದ್ದಳು. ಗಾಳಿಗೆ ಹೋಗುತ್ತಾಳೇನೋ ಎಂದು ಹಿಂದೆ ಹೋದೆ. ಅವಳು ಹೊಸ್ತಿಲು ದಾಟಿ, ಬಗ್ಗಿ, ಎರಡೂ ಕೈಯಲ್ಲಿ ಆ ಎಲೆ ಎತ್ತಿಕೊಂಡಳು. ಎಲೆ ವಾಲಿ ಸಾರು ಸೀರೆಯ ಮೇಲೆ ಚೆಲ್ಲಿತು. ಹಿಡಿಯಲು ಹೋದ ನನ್ನನ್ನು ಮೊಣಕೈಯಲ್ಲಿ ತಳ್ಳಿದಳು. ಒಳಗೆ ಬಂದು ಕರಿಯಪ್ಪನವರ ಮುಂದೆ ನಿಂತಳು.

"ಕೊಟ್ಟ ಹೆಣ್ಣು ಎಡೆ ಮುಟ್ಟಿದ್ಲು ಅಂತ ಯಾರೂ ಅನ್ನಬ್ಯಾಡ್ರಿ. ಅವನಿಗೆ ಗೊತ್ತಿತ್ತೋ ಇಲ್ವೋ ನಾನು ಕಾಣೆ. ನಮ್ಮಪ್ಪ ಯಾವ್ದಕ್ಕೆ ಜೀವ ಬಿಟ್ನೋ ಅದನ್ನ ಸಾಯಾಕೆ ಬಿಡ್ದೆ ಎರಡು ದಿನ ಹೊತ್ಕಂಡು ಬಂದೋನು ಇವನು. ಇವನೊಬ್ಬ ಹೊರಗ್ಯಾಕೆ ಕುಂತ್ಕಬೇಕು?"

ಕರಿಯಪ್ಪನವರು ಪಕ್ಕಕ್ಕೆ ಸರಿದರು. ಕೆಂಚತ್ತೆ ಆ ಎಲೆಯನ್ನು ತನ್ನ ಅಪ್ಪನ ಎಲೆಯ ಪಕ್ಕಕ್ಕೆ ಇಟ್ಟಳು. ಕರಿಯಪ್ಪನವರೂ ಬಗ್ಗಿ, ಚೆಲ್ಲಿದ್ದಕ್ಕೆ ಬದಲಾಗಿ ಸಾರನ್ನು ಮತ್ತೆ ಬಡಿಸಿದರು. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು.

ಭಾನುವಾರ ಬೆಳಿಗ್ಗೆ ನಾನು ಹೊರಟೆ. ಕೆಂಚತ್ತೆ ಇನ್ನೆರಡು ದಿನ ತವರಿನಲ್ಲಿ ಇದ್ದು ಬರುತ್ತೇನೆಂದಳು. ಹೊಸ್ತಿಲು ದಾಟಿ ಚಪ್ಪಲಿ ಹುಡುಕಿದೆ. ರಾತ್ರಿ ಉಳಿದ ನೆಂಟರೆಲ್ಲ, ಎಪ್ಪತ್ತು ವರ್ಷ ಯಾರೂ ಕಾಲು ಸೋಕಿಸದ ಆ ಜಗಲಿಯ ಕಲ್ಲಿನ ಮೇಲೆ ಒಂದರ ಮೇಲೊಂದು ಚಪ್ಪಲಿ ಬಿಟ್ಟಿದ್ದರು. ಅದರಲ್ಲಿ ನನ್ನ ಜೊತೆಯನ್ನು ಹೆಕ್ಕಿ ಮೆಟ್ಟಿಕೊಂಡು ಬಸ್ಸಿಗೆ ನಡೆದೆ.